ಹಿಡಿ ಅಕ್ಕಿಯ ಲೆಕ್ಕ

ಕಳೆದ ವರ್ಷ ಕ್ರಿಸ್ಮಸ್ ಹಬ್ಬಕ್ಕೆ ಇನ್ನೂ ಎರಡು ವಾರಗಳಿರುವಾಗ ನಮ್ಮ ಮನೆಯ ಬೀರುಗಳನ್ನು ಬರಿದುಮಾಡಿ ಒಪ್ಪಗೊಳಿಸುವ ವಾರ್ಷಿಕ ಕಾರ್ಯವು ಯಥಾಪ್ರಕಾರ ನೆರವೇರಿತು. ತೋಳು ಸವೆದ ಅಂಗಿಗಳು, ಮಗನಿಗೆ ಗಿಡ್ಡವಾದ ಷರಾಯಿಗಳು, ಬಣ್ಣ ಮಾಸಿದ ಸೀರೆಗಳು ಎಲ್ಲ ಸೇರಿ ಮೂರು ದೊಡ್ಡ ಚೀಲಗಳಾದುವು. ಅವನ್ನು ಊರ ಹೊರಗಿನ ಒಂದು ವೃದ್ಧಾಶ್ರಮಕ್ಕೆ ನಾನೇ ಕೊಂಡೊಯ್ದೆ. ಹಬ್ಬದ ಕಾಲದಲ್ಲಿ ಬಡವರನ್ನು ಮರೆಯದ ಗೃಹಸ್ಥನ ಮುಖದಲ್ಲಿ ಎಂತಹ ಪ್ರಸನ್ನತೆ ಇರಬೇಕೋ ಅಂತಹುದೇ ಅಂದು ನನ್ನ ಮುಖದಲ್ಲಿಯೂ ಇದ್ದಿರಬೇಕು.

ಆಶ್ರಮದ ಮೇಲ್ವಿಚಾರಣೆ ನೋಡುತ್ತಿದ್ದ ವಯಸ್ಸಾದ ಕನ್ಯಾಸ್ತ್ರೀಯೊಬ್ಬರು ಚೀಲಗಳನ್ನು ಆದರದಿಂದ ತೆಗೆದುಕೊಂಡು, ನನ್ನನ್ನು ಹಜಾರದಲ್ಲಿ ಕುಳ್ಳಿರಿಸಿ ಕಾಫಿ ತರಿಸಿಕೊಟ್ಟರು. ಎದುರಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನೆಲದಿಂದ ಕಿಟಕಿಯ ಮಟ್ಟದವರೆಗೆ ಅಲ್ಲಿ ಚೀಲಗಳನ್ನು ಒಟ್ಟಿದ್ದರು. ಎಲ್ಲವೂ ನನ್ನ ಚೀಲಗಳ ಒಡಹುಟ್ಟುಗಳಂತೆಯೇ ಕಾಣುತ್ತಿದ್ದುವು.

“ಇದೇನು ಸಿಸ್ಟರ್, ಇಷ್ಟೊಂದು?” ಎಂದೆ.

“ಹಬ್ಬ ಹತ್ತಿರ ಬಂತಲ್ಲ ಸಾರ್, ಎಲ್ಲರ ಮನೆಯಲ್ಲೂ ಬೀರು ಖಾಲಿ ಮಾಡುತ್ತಾರೆ” ಎಂದರು ಅವರು. ಮಾತಿನಲ್ಲಿ ಕೊಂಕು ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಚಳಿಗೆ ನಮ್ಮ ಅಜ್ಜಿಯರಿಗೆ ಹನ್ನೆರಡು ಕಂಬಳಿ ಬೇಕಾಗಿತ್ತು. ಅದೊಂದು ಮಾತ್ರ ಯಾರ ಬೀರುವಿನಲ್ಲೂ ಮಿಗುವುದಿಲ್ಲ ನೋಡಿ” ಎಂದು ನಕ್ಕರು.

ಮನೆ ಸೇರುವವರೆಗೂ ಆ ನಗೆ ನನ್ನನ್ನು ಬಿಡಲಿಲ್ಲ. ನಾನು ಕೊಟ್ಟದ್ದಾದರೂ ಏನು? ಆ ಮೂರು ಚೀಲಗಳನ್ನು ಕೊಟ್ಟದ್ದರಿಂದ ನನ್ನ ಊಟದಲ್ಲಿ ಒಂದು ತುತ್ತು ಕಡಮೆಯಾಗಲಿಲ್ಲ. ನನ್ನ ಹಬ್ಬದಲ್ಲಿ ಒಂದು ದೀಪ ಕುಂದಲಿಲ್ಲ. ನಿಜವಾಗಿ ನೋಡಿದರೆ ಅಂದು ಲಾಭ ಪಡೆದವನು ನಾನೇ. ನನ್ನ ಮನೆಯಲ್ಲಿ ಮೂರು ಖಾನೆಗಳು ತೆರವಾಗಿದ್ದುವು. ಬೇಡವಾದುದನ್ನು ಹೊರಗೆ ಹಾಕುವುದಕ್ಕೆ ನಾನು ‘ದಾನ’ವೆಂಬ ದೊಡ್ಡ ಹೆಸರನ್ನು ಕೊಟ್ಟಿದ್ದೆ.

ಈ ಲೇಖನವನ್ನು ಮುಖ್ಯವಾಗಿ ನನ್ನ ಕ್ರೈಸ್ತ ಬಂಧುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಆದರೆ ಬೀರು ಎಲ್ಲರ ಮನೆಯಲ್ಲಿಯೂ ಇರುವುದರಿಂದ ಅನ್ಯ ಧರ್ಮದ ಓದುಗರಿಗೂ ಇದು ಸಲ್ಲದ ಮಾತಲ್ಲವೆಂದು ನಂಬಿದ್ದೇನೆ.

ಎರಡು ಕಾಸಿನ ತೂಕ

ಜೆರುಸಲೇಮಿನ ದೇವಾಲಯದಲ್ಲಿ ಪ್ರಭು ಯೇಸು ಕಾಣಿಕೆಯ ಪೆಟ್ಟಿಗೆಯ ಎದುರು ಕುಳಿತು, ಜನರು ಹಣ ಹಾಕುವುದನ್ನು ನೋಡುತ್ತಿದ್ದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಧನಿಕರು ಧಾರಾಳವಾಗಿ ಹಾಕಿದರು. ಬಡ ವಿಧವೆಯೊಬ್ಬಳು ಬಂದು ಅತ್ಯಲ್ಪ ಬೆಲೆಯ ಎರಡು ಕಾಸುಗಳನ್ನು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಆಕೆಯೇ ಎಂದು ಯೇಸು ಶಿಷ್ಯರಿಗೆ ತಿಳಿಸಿದರು. ಉಳಿದವರು ಮಿಕ್ಕದ್ದನ್ನು ಕೊಟ್ಟರು. ಆಕೆ ಬದುಕಿಗೆ ಇದ್ದದ್ದನ್ನೇ ಕೊಟ್ಟಳು.

ಇಲ್ಲಿ ಎರಡು ಬಗೆಯ ಗಣಿತಗಳಿವೆ. ಪೆಟ್ಟಿಗೆಯೊಳಗೆ ಬಿದ್ದದ್ದೆಷ್ಟು ಎಂದು ಎಣಿಸುವುದು ಲೋಕದ ಗಣಿತ. ಕೊಟ್ಟ ಮೇಲೆ ಕೊಟ್ಟವನ ಬಳಿ ಉಳಿದದ್ದೆಷ್ಟು ಎಂದು ಎಣಿಸುವುದು ಯೇಸುವಿನ ಗಣಿತ. ಈ ಎರಡನೆಯ ಗಣಿತದಲ್ಲಿ ನನ್ನ ಮೂರು ಚೀಲಗಳ ಬೆಲೆ ಸೊನ್ನೆ.

ಆದರೆ ಈ ಕಥೆಯ ಹಿಂದಿನ ವಾಕ್ಯಗಳನ್ನು ನಾವು ಓದದೆ ಬಿಡುವುದುಂಟು. ವಿಧವೆಯ ಮಾತು ಬರುವುದಕ್ಕೆ ಸ್ವಲ್ಪ ಮೊದಲು, ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಧರ್ಮಪಂಡಿತರನ್ನು ಯೇಸು ಕಟುವಾಗಿ ಖಂಡಿಸಿದ್ದಾರೆ. ಆದ್ದರಿಂದ ಇದು ಬಡವರ ಕೈಯಿಂದ ಕಡೆಯ ಕಾಸನ್ನೂ ಕೀಳಲು ಹೇಳಿದ ಕಥೆಯಲ್ಲ. ಉಳ್ಳವರು ತಲೆ ತಗ್ಗಿಸಿ ಕೇಳಬೇಕಾದ ಕಥೆ. ತ್ಯಾಗವನ್ನು ಕುರಿತು ಉಪದೇಶಿಸುವ ಅಧಿಕಾರ ಹಸಿದವನ ಮುಂದೆ ಯಾರಿಗೂ ಇಲ್ಲ. ಅದನ್ನು ಉಂಡವರು ಉಂಡವರಿಗೇ ಹೇಳಿಕೊಳ್ಳಬೇಕು.

ಉಪವಾಸವಿದ್ದು ಉಣಿಸಿದವರು

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಥೆನ್ಸಿನ ಅರಿಸ್ಟೈಡೀಸನೆಂಬ ತತ್ತ್ವಜ್ಞಾನಿ ರೋಮನ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಒಂದು ಸಮರ್ಥನೆಯನ್ನು ಬರೆದನು. ಆಗ ಕ್ರೈಸ್ತರೆಂದರೆ ಸಾಮ್ರಾಜ್ಯದ ದೃಷ್ಟಿಯಲ್ಲಿ ಶಂಕೆಗೆ ಪಾತ್ರವಾದ ಒಂದು ಸಣ್ಣ ಗುಂಪು. ಅವರಲ್ಲಿ ಗುಲಾಮರೂ ಕೂಲಿಗಳೂ ಇದ್ದರು. ಈ ಜನ ಎಂತಹವರೆಂದು ವಿವರಿಸುತ್ತ ಅರಿಸ್ಟೈಡೀಸನು ಒಂದು ಸಂಗತಿಯನ್ನು ಹೇಳುತ್ತಾನೆ: ತಮ್ಮಲ್ಲಿ ಯಾರಾದರೂ ದರಿದ್ರನಾಗಿದ್ದು, ಕೊಡಲು ಇತರರ ಬಳಿ ಹೆಚ್ಚಿನದೇನೂ ಇಲ್ಲದಿದ್ದರೆ, ಅವರು ಎರಡು ಮೂರು ದಿನ ಉಪವಾಸವಿದ್ದು, ಉಳಿದ ಆಹಾರವನ್ನು ಅವನಿಗೆ ಒದಗಿಸುತ್ತಾರೆ.

ಉಪವಾಸವನ್ನು ನಾವು ಆತ್ಮಶುದ್ಧಿಗೆಂದು ತಿಳಿದಿದ್ದೇವೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವನ್ನು ಬಿಟ್ಟು, ಆ ಕೊರತೆಯನ್ನು ಬೇರೆ ರುಚಿಯಾದ ಅಡಿಗೆಯಿಂದ ತುಂಬಿಕೊಳ್ಳುತ್ತೇವೆ. ಆ ಆದಿಮ ಕ್ರೈಸ್ತರಿಗೆ ಉಪವಾಸವೆಂದರೆ ಒಂದು ತಟ್ಟೆಯಿಂದ ತೆಗೆದು ಇನ್ನೊಂದು ತಟ್ಟೆಗೆ ಬಡಿಸುವುದಾಗಿತ್ತು. ಬಿಟ್ಟ ತುತ್ತು ಯಾರ ಬಾಯಿಗೂ ಸೇರದಿದ್ದರೆ ಅದು ಪಥ್ಯವಾದೀತೇ ಹೊರತು ತ್ಯಾಗವಾಗಲಾರದು.

ಎರಡು ಶತಮಾನ ಕಳೆದ ಮೇಲೆ, ಇಂದು ತುರ್ಕಿ ದೇಶದಲ್ಲಿರುವ ಕೈಸರೇಯ ಪಟ್ಟಣದಲ್ಲಿ ಘೋರ ಕ್ಷಾಮ ತಲೆದೋರಿತು. ಅದು 368-69ರ ಸಮಯ. ಅಲ್ಲಿಯ ಗುರುವಾಗಿದ್ದ ಬೇಸಿಲ್ ಧಾನ್ಯದ ಕಣಜಗಳಿಗೆ ಬೀಗ ಹಾಕಿ ಬೆಲೆಯೇರಿಕೆಯನ್ನು ಕಾಯುತ್ತಿದ್ದ ಶ್ರೀಮಂತರ ಎದುರಿಗೇ ನಿಂತು ಉಪದೇಶ ಮಾಡಿದರು. ಕೂಡಿಟ್ಟ ಅನ್ನ ಹಸಿದವನಿಗೆ ಸೇರಿದ್ದು, ಪೆಟ್ಟಿಗೆಯಲ್ಲಿರುವ ಬಟ್ಟೆ ಬೆತ್ತಲೆಯಿರುವವನಿಗೆ ಸೇರಿದ್ದು ಎಂಬುದು ಅವರ ವಾದ. ಉಪದೇಶದಿಂದಲೇ ಅವರು ತೃಪ್ತರಾಗಲಿಲ್ಲ. ಹಸಿದವರನ್ನು ಒಂದೆಡೆ ಸೇರಿಸಿ, ಕೊಪ್ಪರಿಗೆಗಳಲ್ಲಿ ಗಂಜಿಯಂತಹ ಸಾರು ಬೇಯಿಸಿ ಸ್ವತಃ ಬಡಿಸಿದರೆಂದು ಅವರ ಗೆಳೆಯ ಗ್ರೆಗರಿ ಬರೆದಿಟ್ಟಿದ್ದಾನೆ. ಮುಂದೆ ಬಿಷಪರಾದ ಬೇಸಿಲ್ ಊರ ಹೊರಗೆ ರೋಗಿಗಳಿಗೂ ಕುಷ್ಠಪೀಡಿತರಿಗೂ ದಿಕ್ಕಿಲ್ಲದ ಪ್ರಯಾಣಿಕರಿಗೂ ಆಶ್ರಯವೀಯುವ ದೊಡ್ಡ ಧರ್ಮಶಾಲೆಯನ್ನೇ ಕಟ್ಟಿಸಿದರು.

ಬೇಸಿಲರ ಮಾತನ್ನು ಒಪ್ಪಿದರೆ ನಮ್ಮ ‘ದಾನ’ವೆಂಬ ಪದವೇ ಅಲುಗಾಡುತ್ತದೆ. ಬಡವನದನ್ನು ಬಡವನಿಗೆ ಹಿಂತಿರುಗಿಸುವುದಕ್ಕೆ ಉಪಕಾರವೆಂದು ಹೆಸರಿಡುವುದು ಹೇಗೆ?

ಪಿಡಿಯರಿ

ಇವೆಲ್ಲ ದೂರದ ದೇಶದ, ದೂರದ ಕಾಲದ ಮಾತುಗಳೆಂದು ಯಾರಾದರೂ ಹೇಳಬಹುದು. ಹಾಗಾದರೆ ನಮ್ಮ ನೆರೆಯ ಕೇರಳಕ್ಕೆ ಬರೋಣ.

ಆಲಪ್ಪುಳದ ಸಮೀಪದ ಕುಟ್ಟನಾಡು ಹಿನ್ನೀರಿನ ನಡುವಣ ಭತ್ತದ ಸೀಮೆ. ಅಲ್ಲಿಯ ಕೈನಕರಿ ಎಂಬ ಊರಿನಲ್ಲಿ 1805ರಲ್ಲಿ ಹುಟ್ಟಿದ ಚಾವರ ಕುರಿಯಾಕೋಸ್ ಏಲಿಯಾಸ್ 1829ರಲ್ಲಿ ಗುರುದೀಕ್ಷೆ ಪಡೆದು, ಕೋಟ್ಟಯಂ ಬಳಿಯ ಮಾನ್ನಾನಂ ಗುಡ್ಡದ ಮೇಲೆ ಇಬ್ಬರು ಹಿರಿಯ ಗುರುಗಳೊಡನೆ ಒಂದು ಸನ್ಯಾಸಿ ಸಭೆಯನ್ನು ಸ್ಥಾಪಿಸಿದರು. 1846ರಲ್ಲಿ ಅಲ್ಲಿ ಸಂಸ್ಕೃತ ಶಾಲೆಯನ್ನು ತೆರೆದರು, ಮುದ್ರಣಾಲಯವನ್ನೂ ಹೂಡಿದರು. 1864ರಲ್ಲಿ, ಪ್ರತಿಯೊಂದು ಇಗರ್ಜಿಯೂ ತನ್ನ ಬಳಿ ಒಂದು ಶಾಲೆಯನ್ನು ನಡೆಸತಕ್ಕದ್ದೆಂದು ಆಜ್ಞೆ ಮಾಡಿದರು.

ಶಾಲೆಯೇನೋ ಆಯಿತು, ಮಕ್ಕಳು ಬರಬೇಕಲ್ಲ! ಗದ್ದೆಗಳಲ್ಲಿ ದುಡಿಯುತ್ತಿದ್ದ, ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದ ಕುಟುಂಬಗಳ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಅನ್ನ ಬೇಕಾಗಿತ್ತು. ಒಂದು ದಿನ ಕೂಲಿ ತಪ್ಪಿದರೆ ಆ ದಿನ ಒಲೆ ಉರಿಯದ ಮನೆಗಳವು. ಮಾನ್ನಾನಂ ಸಮೀಪದ ಆರ್ಪೂಕರದಲ್ಲಿ ಅಂತಹ ಮಕ್ಕಳಿಗಾಗಿ ಶಾಲೆ ತೆರೆದ ಚಾವರರು ಮಧ್ಯಾಹ್ನದ ಊಟವನ್ನೂ ಬಟ್ಟೆಯನ್ನೂ ಪುಸ್ತಕವನ್ನೂ ಅಲ್ಲಿಯೇ ಕೊಡುವ ಏರ್ಪಾಡು ಮಾಡಿದರು.

ಅದಕ್ಕೆ ಬೇಕಾದ ಅಕ್ಕಿ ಬಂದದ್ದೆಲ್ಲಿಂದ? ಅರಮನೆಯಿಂದಲ್ಲ; ಅಡಿಗೆಮನೆಗಳಿಂದ. ಗೃಹಿಣಿಯರು ಅನ್ನಕ್ಕೆ ಅಕ್ಕಿಯನ್ನು ಅಳೆದ ಮೇಲೆ, ತೊಳೆಯುವ ಮುನ್ನ, ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿ ಇಡಬೇಕೆಂದು ಅವರು ಬೋಧಿಸಿದರು. ಹಾಗೆ ಕೂಡಿದ ಅಕ್ಕಿ ಮಕ್ಕಳ ಊಟಕ್ಕೆ ಹೋಯಿತು. ಈ ಪದ್ಧತಿಗೆ ‘ಪಿಡಿಯರಿ’ ಎಂದು ಹೆಸರು. ಕನ್ನಡದ ವಿದ್ಯಾರ್ಥಿಗೆ ಈ ಪದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಳಗನ್ನಡದ ‘ಪಿಡಿ’ಯೇ ನಮ್ಮ ಇಂದಿನ ‘ಹಿಡಿ’. ಮಲಯಾಳದ ‘ಅರಿ’ ಎಂದರೆ ಅಕ್ಕಿ. ನಾವು ಪಕಾರವನ್ನು ಕಳೆದುಕೊಂಡೆವು, ಅವರು ಉಳಿಸಿಕೊಂಡರು. ಪಕಾರದೊಂದಿಗೆ ಆ ಪದ್ಧತಿಯನ್ನೂ ನಾವು ಕಳೆದುಕೊಳ್ಳದಿರಲಿ.

ಗಮನಿಸಬೇಕಾದ ಸಂಗತಿ ಇಷ್ಟೆ. ಆ ಹಿಡಿಯನ್ನು ತೆಗೆಯುತ್ತಿದ್ದುದು ಊಟವಾದ ಮೇಲೆ ಮಿಕ್ಕ ಅನ್ನದಿಂದಲ್ಲ. ಊಟಕ್ಕೆಂದೇ ಅಳೆದ ಅಕ್ಕಿಯಿಂದ. ಮನೆಮಂದಿಯ ತಟ್ಟೆಗಳಲ್ಲಿ ಅಷ್ಟು ಅನ್ನ ಕಡಮೆಯಾಗಲೇಬೇಕು. ಹಸಿವಿನಿಂದ ನರಳುವಷ್ಟಲ್ಲ; ಇನ್ನೊಂದು ಮಗು ಎಲ್ಲಿಯೋ ಇದೆಯೆಂದು ನೆನಪಾಗುವಷ್ಟು. ಹಿಡಿಯಷ್ಟು ಅಕ್ಕಿ ಬಡ ಮನೆಯಲ್ಲಿಯೂ ಇರುತ್ತದೆ. ಹಿಡಿಯಷ್ಟೇ ಕೊಟ್ಟೆನೆಂದು ಜಂಬಪಡುವುದಕ್ಕೆ ಸಿರಿವಂತನಿಗೂ ಆಗುವುದಿಲ್ಲ.

1869ರಲ್ಲಿ ಚಾವರರ ಪ್ರೇರಣೆಯಿಂದ ಅವರ ಹುಟ್ಟೂರಾದ ಕೈನಕರಿಯಲ್ಲಿ ದಿಕ್ಕಿಲ್ಲದ ರೋಗಿಗಳಿಗೂ ವೃದ್ಧರಿಗೂ ಒಂದು ಆಶ್ರಯಧಾಮ ಆರಂಭವಾಯಿತು. ಅದನ್ನು ನಡೆಸಿದವರು ಆ ಊರಿನ ಸಾಮಾನ್ಯ ಗೃಹಸ್ಥರೇ. 1871ರಲ್ಲಿ ಅವರು ತೀರಿಕೊಂಡರು. 2014ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಬೆಂಗಳೂರಿನ ಧರ್ಮಾರಾಂ ಕಾಲೇಜೂ 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜೂ ಅವರ ಸಭೆಯವರು ಕಟ್ಟಿದ ಸಂಸ್ಥೆಗಳು. ಅವುಗಳ ವಿಶಾಲವಾದ ಅಂಗಳದಲ್ಲಿ ನಡೆದಾಡುವ ವಿದ್ಯಾರ್ಥಿಗಳಿಗೆ, ಆ ವಂಶವೃಕ್ಷದ ಬೇರಿನಲ್ಲಿ ಒಂದು ಹಿಡಿ ಅಕ್ಕಿ ಇದೆಯೆಂಬುದು ತಿಳಿದಿದ್ದರೆ ಒಳ್ಳೆಯದು.

ಬಿದಿರು ಹೂಬಿಡುವ ನಾಡಿನಲ್ಲಿ

ಕೇರಳದಿಂದ ಬಹುದೂರದಲ್ಲಿ, ಭಾರತದ ಈಶಾನ್ಯ ಮೂಲೆಯ ಮಿಜೋರಾಂ ಬೆಟ್ಟಗಳಲ್ಲಿಯೂ ಇದೇ ಪದ್ಧತಿ ಇದೆ. ಅಲ್ಲಿ ಇದರ ಹೆಸರು ‘ಬುಹ್‌ಫಾಯ್ ಥಾಮ್’. ಅರ್ಥ ಅದೇ, ಹಿಡಿ ಅಕ್ಕಿ. ಸುಮಾರು 1910ರಲ್ಲಿ ಅಲ್ಲಿಯ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರಿಂದ ಆರಂಭವಾದ ಈ ಕ್ರಮ ಒಂದು ಶತಮಾನವನ್ನು ದಾಟಿ ಬಂದಿದೆ. ಪ್ರತಿ ಬಾರಿ ಅಡಿಗೆಗೆ ಅಕ್ಕಿ ತೆಗೆದಾಗಲೂ ಒಂದು ಹಿಡಿ ಬೇರೆಯಾಗುತ್ತದೆ. ಹೆಂಗಸರು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಾರೆ. ಅದನ್ನು ಮಾರಿ ಬಂದ ಹಣ ಸಭೆಯ ಸೇವೆಗೆ ಸಲ್ಲುತ್ತದೆ.

ಆ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಇದು ಸಾಮಾನ್ಯ ಸಂಗತಿಯಾಗಿ ತೋರದು. ಸುಮಾರು ನಲವತ್ತೆಂಟು ವರ್ಷಗಳಿಗೊಮ್ಮೆ ಅಲ್ಲಿಯ ಬಿದಿರು ಒಟ್ಟಿಗೇ ಹೂಬಿಡುತ್ತದೆ. ಆ ಬೀಜವನ್ನು ತಿಂದು ಇಲಿಗಳು ಅಸಂಖ್ಯವಾಗಿ ಹೆಚ್ಚುತ್ತವೆ. ಬೀಜ ಮುಗಿದೊಡನೆ ಭತ್ತದ ಗದ್ದೆಗಳಿಗೆ ನುಗ್ಗುತ್ತವೆ. ‘ಮೌತಾಮ್’ ಎಂದು ಕರೆಯುವ ಈ ಕ್ಷಾಮವು 1911-12ರಲ್ಲಿ ಬಂದಿತು. ಮತ್ತೆ 1959ರಲ್ಲಿ ಬಂದಿತು. ತೀರ ಈಚೆಗೆ 2007ರ ಸುಮಾರಿಗೆ ಬಂದಿತು. ಅನ್ನದ ಬೆಲೆಯನ್ನು ಇಲಿಗಳಿಂದ ಕಲಿತ ಜನರು ಅವರು. ಅಂತಹವರು ಹಿಡಿ ಅಕ್ಕಿಯನ್ನು ತೆಗೆದಿಡುವುದನ್ನು ಬಿಡಲಿಲ್ಲವೆಂಬುದನ್ನು ನೆನೆದಾಗ, ತಿಂಗಳಿಗೊಮ್ಮೆ ಚಿಲ್ಲರೆ ಹುಡುಕಿ ಕಾಣಿಕೆಯ ಚೀಲಕ್ಕೆ ಹಾಕುವ ನಮ್ಮಂಥವರು ಮಾತನಾಡದಿರುವುದೇ ಲೇಸು.

ಕನ್ನಡಿಗರಿಗೆ ಈ ವಿಚಾರ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದವರಾರು? ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸಿದಳೆಂದು ಶರಣರ ಪರಂಪರೆ ಹೇಳುತ್ತದೆ. ಇಲ್ಲದವರೂ ಕೊಡಬಲ್ಲರು, ಆದರೆ ‘ಸಾಕು’ ಎಂಬ ಮಾತನ್ನು ಕಲಿಯದವರು ಎಷ್ಟಿದ್ದರೂ ಕೊಡಲಾರರು. ಲಕ್ಕಮ್ಮನ ಮನೆ ನಮಗೆ ಕಲಿಸುವ ಪಾಠ ಇದು.

ಇಪ್ಪತ್ತೆಂಟು ಪೌಂಡಿನ ಗೆರೆ

‘ಸಾಕು’ ಎಂಬ ಗೆರೆಯನ್ನು ಎಳೆಯುವುದು ಎಲ್ಲಿ? ಸಂಬಳಗಾರರಾದ ನಮ್ಮಂಥವರಿಗೆ ಇದಕ್ಕೆ ಉತ್ತರ ಕೊಟ್ಟವರು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ. ಮೆಥಡಿಸ್ಟ್ ಪಂಥದ ಮೂಲಪುರುಷರಾದ ಇವರೂ ಮೊದಲು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರೇ.

ಆ ದಿನಗಳ ಒಂದು ಘಟನೆಯನ್ನು ಅವರೇ ಹೇಳಿಕೊಂಡಿದ್ದಾರೆ. ಕೊರೆಯುವ ಚಳಿಯ ಒಂದು ದಿನ ಬಡ ಹುಡುಗಿಯೊಬ್ಬಳು ತೆಳುವಾದ ನಾರಿನ ಅಂಗಿಯಲ್ಲಿ ನಡುಗುತ್ತ ಅವರ ಕೋಣೆಗೆ ಬಂದಳು. ಮೈಮೇಲಿನ ಅದೊಂದೇ ಬಟ್ಟೆ ತನಗಿರುವುದು ಎಂದಳು. ವೆಸ್ಲಿ ಜೇಬಿಗೆ ಕೈಹಾಕಿದರೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಕೋಣೆಯ ಗೋಡೆಯನ್ನು ಅಲಂಕರಿಸಲು ಕೊಂಡ ಚಿತ್ರಗಳಿಗೆ ಹಣವೆಲ್ಲ ಹೋಗಿತ್ತು. ಗೋಡೆಯ ಮೇಲಿನ ಆ ಚಿತ್ರಗಳು ಅಂದು ಅವರಿಗೆ ಆರೋಪಪಟ್ಟಿಯಂತೆ ಕಂಡುವು.

ಆಕ್ಸ್‌ಫರ್ಡಿನ ತಮ್ಮ ಬಳಗದವನೊಬ್ಬನ ಲೆಕ್ಕವನ್ನೂ ವೆಸ್ಲಿ ಒಂದು ಪ್ರವಚನದಲ್ಲಿ ಕೊಡುತ್ತಾರೆ. ಆತನ ಹೆಸರನ್ನು ಹೇಳಿಲ್ಲ; ಅದು ವೆಸ್ಲಿಯವರ ಸ್ವಂತ ಲೆಕ್ಕವೇ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಮೊದಲ ವರ್ಷ ಅವನ ವರಮಾನ 30 ಪೌಂಡು; 28ರಲ್ಲಿ ಬದುಕಿ 2 ಪೌಂಡು ಬಡವರಿಗೆ ಕೊಟ್ಟನು. ಮರುವರ್ಷ ವರಮಾನ 60 ಆಯಿತು. ಬದುಕಿದ್ದು 28ರಲ್ಲಿಯೇ, ಕೊಟ್ಟದ್ದು 32. ಮೂರನೆಯ ವರ್ಷ 90 ಬಂದಿತು; 62 ಕೊಟ್ಟನು. ನಾಲ್ಕನೆಯ ವರ್ಷ 120 ಬಂದಿತು; ಆಗಲೂ 28ರಲ್ಲಿ ಬದುಕಿ ಉಳಿದುದೆಲ್ಲವನ್ನೂ ಕೊಟ್ಟನು.

ನಮ್ಮ ಲೆಕ್ಕ ಹೇಗಿದೆ? ವೇತನ ಪರಿಷ್ಕರಣೆಯಾದ ತಿಂಗಳಲ್ಲೇ ಹಳೆಯ ಸ್ಕೂಟರು ನಮ್ಮ ಅಂತಸ್ತಿಗೆ ಕಡಮೆಯೆಂದು ತೋರುತ್ತದೆ. ಸಂಬಳ ಎರಡರಷ್ಟಾದರೆ ‘ಅವಶ್ಯಕತೆ’ಗಳೂ ಎರಡರಷ್ಟಾಗುತ್ತವೆ, ಕಾಣಿಕೆ ಮಾತ್ರ ಹತ್ತು ವರ್ಷದ ಹಿಂದಿನ ನೋಟಿನಲ್ಲೇ ನಿಂತಿರುತ್ತದೆ. ವೆಸ್ಲಿಯವರ ಪೂರ್ಣ ಮಾರ್ಗ ಮಕ್ಕಳೊಂದಿಗರಾದ ನಮಗೆ ಸಾಧ್ಯವಾಗದಿರಬಹುದು. ಆದರೆ ಮುಂದಿನ ಬಡ್ತಿಯ ಹಣದಲ್ಲಿ ಅರ್ಧದಷ್ಟನ್ನಾದರೂ ನಮ್ಮ ಸುಖವನ್ನು ಮುಟ್ಟಗೊಡದೆ ಬಡವರ ಕಡೆಗೆ ತಿರುಗಿಸುವುದು ಅಸಾಧ್ಯವೆ?

ವೆಸ್ಲಿ ಆ ನಡುಗುವ ಹುಡುಗಿಯನ್ನು ಮರೆತರೆಂದು ತೋರುವುದಿಲ್ಲ. 1785ರ ಜನವರಿಯಲ್ಲಿ, ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ಕರಗುವ ಮಂಜಿನಲ್ಲಿ ಹರಡು ಮುಳುಗುವಂತೆ ಲಂಡನ್ನಿನ ಬೀದಿಗಳಲ್ಲಿ ದಿನಗಟ್ಟಲೆ ನಡೆದು, ಬಡವರ ಬಟ್ಟೆಗಾಗಿ 200 ಪೌಂಡುಗಳನ್ನು ಬೇಡಿ ತಂದರು. ಆ ಶ್ರಮದಿಂದ ಕಾಯಿಲೆಯನ್ನೂ ತಂದುಕೊಂಡರು.

ಕೆಲವು ಆಕ್ಷೇಪಗಳು

ಈ ವಿಷಯವನ್ನು ಮಿತ್ರರೊಡನೆ ಚರ್ಚಿಸಿದಾಗ ಮೂರು ಆಕ್ಷೇಪಗಳು ಬಂದುವು. ಅವುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲನೆಯದು: ಬಡವರಿಗೆ ಸರಕಾರ ಪಡಿತರದ ಅಂಗಡಿಯಲ್ಲಿ ಅಕ್ಕಿ ಕೊಡುತ್ತಿದೆ, ಶಾಲೆಗಳಲ್ಲಿ ಬಿಸಿಯೂಟವಿದೆ, ನಮ್ಮ ಹಿಡಿ ಯಾರಿಗೆ ಬೇಕು? ನಿಜ, ಚಾವರರು ಒಂದು ಊರಿನಲ್ಲಿ ಮಾಡಿದ್ದನ್ನು ಇಂದು ಸರಕಾರ ನಾಡಿನುದ್ದಕ್ಕೂ ಮಾಡುತ್ತಿದೆ. ಕರ್ನಾಟಕದಲ್ಲಿ ಆ ಯೋಜನೆಯ ಹೆಸರೇ ‘ಅಕ್ಷರ ದಾಸೋಹ’. ಬಡವರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಭಿಕ್ಷೆಯಾಗಿ ಕೊಡುವಂತಿಲ್ಲವೆಂಬುದೂ ಸರಿಯೆ. ಆದರೆ ಪಡಿತರದ ಚೀಟಿ ವೃದ್ಧೆಯ ಕನ್ನಡಕವನ್ನು ಕೊಡಿಸುವುದಿಲ್ಲ; ಬಿಸಿಯೂಟ ಉಂಡ ಬಾಲಕಿಗೆ ಕಾಲೇಜಿನ ಶುಲ್ಕ ಕಟ್ಟುವುದಿಲ್ಲ; ಆಸ್ಪತ್ರೆಯಲ್ಲಿ ಮಲಗಿದ ಕೂಲಿಯವನ ಮನೆಬಾಡಿಗೆಯನ್ನು ತೀರಿಸುವುದಿಲ್ಲ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ನಾವು ಕೊಡುವ ಸಂಬಳ ಅವಳ ದುಡಿಮೆಗೆ ಸಾಟಿಯೆ? ದಾನದ ಮೊದಲ ಹಿಡಿಯನ್ನು ಅಲ್ಲಿಂದಲೇ ತೆಗೆಯಬೇಕೆಂದು ನನಗೆ ತೋರುತ್ತದೆ. ನ್ಯಾಯವನ್ನು ಬಾಕಿಯಿಟ್ಟು ದಯೆಯನ್ನು ಹಂಚುವುದು ಸಾಲಗಾರನ ಔದಾರ್ಯ.

ಎರಡನೆಯದು: ಮನೆಯ ಸಾಲ, ಮಕ್ಕಳ ಶಾಲೆ, ತಂದೆತಾಯಿಗಳ ಔಷಧ ಇವುಗಳ ನಡುವೆ ತ್ಯಾಗಕ್ಕೆ ಉಳಿಯುವುದೇನು? ಮನೆಯವರಿಗೆ ಸಲ್ಲಬೇಕಾದುದನ್ನು ಕಿತ್ತು ಹೊರಗಿನವರಿಗೆ ಕೊಟ್ಟು ಹೆಸರು ಗಳಿಸಬೇಕೆಂದು ಯಾವ ಧರ್ಮವೂ ಹೇಳಿಲ್ಲ. ಹಿಡಿ ಅಕ್ಕಿಯ ಪದ್ಧತಿಯ ಸೊಗಸು ಇರುವುದೇ ಇಲ್ಲಿ. ಮಡಕೆಯನ್ನು ಖಾಲಿ ಮಾಡೆಂದು ಅದು ಹೇಳುವುದಿಲ್ಲ. ಮಡಕೆ ದೊಡ್ಡದಾದಂತೆ ಕೈಯೂ ದೊಡ್ಡದಾಗಲಿ ಎನ್ನುತ್ತದೆ. ನಗರವಾಸಿಗಳಾದ ನಮ್ಮ ಹಿಡಿ ಅಕ್ಕಿಯ ರೂಪದಲ್ಲಿಯೇ ಇರಬೇಕಾದುದಿಲ್ಲ. ವಾರದ ಒಂದು ಹೋಟೆಲಿನ ಊಟ, ಮೊಬೈಲಿನ ಗುಂಡಿಯೊತ್ತಿ ತರಿಸುವ ಒಂದು ತಿಂಡಿ, ಹಳೆಯದು ಚೆನ್ನಾಗಿರುವಾಗಲೇ ಕೊಳ್ಳುವ ಹೊಸ ಫೋನು, ಇವು ನಮ್ಮ ಕಾಲದ ಹಿಡಿಗಳು. ಬಿಟ್ಟದ್ದು ಬಿಟ್ಟಂತೆ ನಮಗೇ ತಿಳಿಯಬೇಕು. ತಿಳಿಯದಿದ್ದರೆ ಹಿಡಿ ಚಿಕ್ಕದಾಯಿತೆಂದೇ ಅರ್ಥ.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು: ಕ್ರೈಸ್ತರು ಕೊಟ್ಟರೆ ಅದರ ಹಿಂದೆ ಬೇರೆ ಉದ್ದೇಶವಿದೆಯೆಂದು ಜನ ಶಂಕಿಸುತ್ತಾರಲ್ಲ? ಶಂಕೆಗೆ ಮಾತಿನ ಉತ್ತರಕ್ಕಿಂತ ನಡತೆಯ ಉತ್ತರವೇ ಮೇಲು. ತೆಗೆದುಕೊಳ್ಳುವವನ ಜಾತಿಮತಗಳನ್ನು ಕೇಳದಿರೋಣ. ಪ್ರತಿಯಾಗಿ ಅವನಿಂದ ಏನನ್ನೂ, ಕೃತಜ್ಞತೆಯ ಒಂದು ಮಾತನ್ನೂ, ನಿರೀಕ್ಷಿಸದಿರೋಣ. ಯೇಸು ಹೇಳಿದ ಸಮಾರಿಯದವನ ಕಥೆಯಲ್ಲಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿದವನು ಪರಮತೀಯನೇ. ಗಾಯವನ್ನು ಕಟ್ಟಿ, ಛತ್ರದ ಖರ್ಚನ್ನು ಕೊಟ್ಟು, ಅವನು ತನ್ನ ದಾರಿ ಹಿಡಿದನು. ಗಾಯಾಳುವಿನ ಹೆಸರನ್ನೂ ಅವನು ಕೇಳಿದಂತೆ ಕಥೆಯಲ್ಲಿಲ್ಲ.

ಕೊಡುವ ರೀತಿಯಲ್ಲಿಯೂ ಒಂದು ಮರ್ಯಾದೆಯಿದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಕೆಲವರು ಗೆಳೆಯರೊಡನೆ ಸಂತ ವಿನ್ಸೆಂಟ್ ದ ಪಾಲರ ಹೆಸರಿನ ಸಂಘವನ್ನು ಆರಂಭಿಸಿದನು. ನಮ್ಮ ನಾಡಿನ ಅನೇಕ ಧರ್ಮಕೇಂದ್ರಗಳಲ್ಲಿಯೂ ಅದರ ಶಾಖೆಗಳಿವೆ. ಆ ಸಂಘದ ಎರಡು ನಿಯಮಗಳು ನನಗೆ ಬಹಳ ಮೆಚ್ಚುಗೆಯಾದುವು. ಬಡವರನ್ನು ತಮ್ಮಲ್ಲಿಗೆ ಕರೆಸದೆ ಸದಸ್ಯರೇ ಅವರ ಮನೆಗೆ ಹೋಗಬೇಕು. ಸಭೆಯಲ್ಲಿ ಹಣ ಕೂಡಿಸುವಾಗ ಯಾರು ಎಷ್ಟು ಹಾಕಿದರೆಂದು ಇನ್ನೊಬ್ಬರಿಗೆ ತಿಳಿಯಬಾರದು. ಕಂಬಳಿಯ ಒಂದು ತುದಿಯನ್ನು ದಾನಿಯೂ ಇನ್ನೊಂದು ತುದಿಯನ್ನು ವೃದ್ಧೆಯೂ ಹಿಡಿದು ಫೋಟೋಕ್ಕೆ ನಿಲ್ಲುವ ಈ ಕಾಲದಲ್ಲಿ ಆ ಎರಡು ನಿಯಮಗಳನ್ನು ನೆನೆಯುವುದು ಒಳಿತು.

ಹನ್ನೆರಡು ಕಂಬಳಿ

ಆಶ್ರಮದಿಂದ ಬಂದ ರಾತ್ರಿ ನಡೆದುದನ್ನೆಲ್ಲ ಮನೆಯಾಕೆಗೆ ಹೇಳಿದೆ. ನನ್ನ ಪಶ್ಚಾತ್ತಾಪದ ಮಾತುಗಳನ್ನು ಸ್ವಲ್ಪ ಹೊತ್ತು ಕೇಳಿ ಆಕೆ, “ಅದೆಲ್ಲ ಸರಿ, ಹನ್ನೆರಡು ಕಂಬಳಿಗೆ ಎಷ್ಟಾಗುತ್ತದೆ ಅಂತ ವಿಚಾರಿಸಿದಿರಾ?” ಎಂದಳು. ವಿಚಾರಿಸಿರಲಿಲ್ಲ. ಪಶ್ಚಾತ್ತಾಪಪಡುವುದಕ್ಕೆ ಬೆಲೆ ವಿಚಾರಿಸಬೇಕಾಗಿಲ್ಲವಷ್ಟೆ!

ಮರುದಿನ ವಿಚಾರಿಸಿದೆವು. ಹೊಸ ವರ್ಷಕ್ಕೆ ಮೂವರೂ ಊಟಿಗೆ ಹೋಗಬೇಕೆಂದು ತೆಗೆದಿಟ್ಟಿದ್ದ ಹಣದ ಬಹುಭಾಗ ಅದಕ್ಕೆ ಬೇಕಾಗಿತ್ತು. ಮಿಕ್ಕ ಹಣ ಬೇರೆಯಿರಲಿಲ್ಲ. ಊಟಿ ಬೇಡವೆಂದು ನಿರ್ಧರಿಸುವುದು ಹೇಳುವಷ್ಟು ಸುಲಭವಾಗಲಿಲ್ಲ. ಎರಡು ದಿನ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಗೆ ಆಕೆಯೇ ರವಿವಾರ ಪೂಜೆ ಮುಗಿಸಿ ಬರುವಾಗ ಅಂಗಡಿಯ ಮುಂದೆ ನಿಂತಳು. ಮಗ ಮುಖ ಊದಿಸಿಕೊಂಡು ಕಂಬಳಿಗಳ ಗಂಟನ್ನು ಹೊತ್ತು ನಮ್ಮೊಡನೆ ಬಂದ.

ಆಶ್ರಮದಲ್ಲಿ ಅಜ್ಜಿಯೊಬ್ಬಳು ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು, ಸುತ್ತಿದ್ದ ಪ್ಲಾಸ್ಟಿಕ್ಕನ್ನು ಬಿಡಿಸದೆ ಹಾಗೆಯೇ ಸವರುತ್ತ ಕುಳಿತಳು. ಆಮೇಲೆ ನನ್ನ ಮಗನನ್ನು ಹತ್ತಿರ ಕರೆದು ಕೇಳಿದಳು: “ಹೊಸದೇನಪ್ಪಾ ಇದು?”

“ಹೂಂ ಅಜ್ಜಿ, ಹೊಸದೇ” ಎಂದ ಅವನು.

ಅವಳು ಅದನ್ನು ಮೂಗಿಗೆ ಹಿಡಿದು ಅಂಗಡಿಯ ವಾಸನೆಯನ್ನು ಒಮ್ಮೆ ಎಳೆದುಕೊಂಡಳು. ಎಷ್ಟು ವರ್ಷಗಳಿಂದ ಅವಳು ಬೇರೊಬ್ಬರ ಮೈಯಿಂದ ಇಳಿದದ್ದನ್ನೇ ಹೊದ್ದಿದ್ದಳೋ! ಕೊಡುವಾಗ ನಾವು ಲೆಕ್ಕಕ್ಕೆ ಹಿಡಿಯದೆ ಹೋದ ಸಂಗತಿ ಅದು. ಬಡವರಿಗೆ ಚಳಿಯೊಂದೇ ಅಲ್ಲ, ಮಾನವೂ ಇದೆ.

ಆ ವರ್ಷದ ಹೊಸ ವರ್ಷವನ್ನು ನಾವು ಮನೆಯಲ್ಲೇ ಕಳೆದೆವು. ಮಗನ ಮುನಿಸು ಪೂರ್ತಿ ಇಳಿಯಿತೆಂದು ಹೇಳಲಾರೆ. ಊಟಿಯ ಮಾತು ಈಗಲೂ ಆಗಾಗ್ಗೆ ಬರುತ್ತದೆ. ಆದರೆ ನಮ್ಮ ಅಡಿಗೆಮನೆಯ ಅಲಮಾರಿನಲ್ಲಿ ಅಕ್ಕಿಯ ಡಬ್ಬದ ಪಕ್ಕದಲ್ಲಿ ಈಗ ಇನ್ನೊಂದು ಚಿಕ್ಕ ಡಬ್ಬವಿದೆ. ಕೆಲವು ವಾರ ಅದು ತುಂಬುತ್ತದೆ; ಕೆಲವು ವಾರ ನಾವು ಸೋಲುತ್ತೇವೆ. ಸೋತ ವಾರ ಮುಚ್ಚಳ ತೆರೆದು ನೋಡುವ ಧೈರ್ಯ ಇಬ್ಬರಿಗೂ ಇರುವುದಿಲ್ಲ.

ಕ್ರೈಸ್ತ ಬಂಧುಗಳೇ, ನಮ್ಮ ದೇವಾಲಯಗಳ ಗೋಪುರಗಳು ಎತ್ತರವಾಗಿವೆ. ಹಬ್ಬದ ನಕ್ಷತ್ರದೀಪಗಳು ಬೀದಿಗೆಲ್ಲ ಕಾಣುತ್ತವೆ. ಅವು ಇರಲಿ. ಆದರೆ ಗೋದಲಿಯ ಹುಲ್ಲಿನ ಮೇಲೆ, ಎರವಲು ಜಾಗದಲ್ಲಿ ಹುಟ್ಟಿದವನ ಹೆಸರನ್ನು ಹೊತ್ತ ನಾವು, ಈ ಸಲ ಬೀರುವನ್ನು ತೆರೆಯುವ ಮುನ್ನ ಅಕ್ಕಿಯ ಡಬ್ಬವನ್ನು ತೆರೆಯೋಣ. ನಮಗೆಂದೇ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದಿಡೋಣ.